ಮುಂದಿನ ಚಕ್ರದ ಬೇರಿಂಗ್: ಬಿಚ್ಚುವುದು ನಿಮ್ಮ ಕೈ, ಒತ್ತುವುದು ಪ್ರೆಸ್

ಜಗಳೂರು ಕಡೆಯಿಂದ ದಾವಣಗೆರೆಗೆ ವಾಪಸ್ ಬರುವಾಗ ನಮ್ಮ 2007ರ ವ್ಯಾಗನ್ ಆರ್ ಮುಂದಿನಿಂದ ಗುಂಯ್ ಅಂತ ಒಂದು ಸದ್ದು ಬರುತ್ತಿತ್ತು. ನಲವತ್ತರ ವೇಗದಲ್ಲಿ ಶುರು, ಅರವತ್ತಕ್ಕೆ ಜೋರು, ನಿಧಾನ ಮಾಡಿದರೆ ಮಾಯ. ಟೈರ್ ಸವೆದಿದೆ ಅಂದುಕೊಂಡು ಎರಡು ತಿಂಗಳು ಹಾಗೇ ಓಡಿಸಿದೆ. ಒಂದು ದಿನ ಜಾಕ್ ಏರಿಸಿ ಚಕ್ರ ಅಲ್ಲಾಡಿಸಿದರೆ ಲಟಕ್ ಲಟಕ್ ಅಂದಿತು. ಎಡಗಡೆ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಉಕ್ಕಿನ ಗುಂಡುಗಳ ಬಳೆ, ಹೋಗಿತ್ತು.

ಗ್ಯಾರೇಜಿನಲ್ಲಿ ಹಾಕಿಸಿದೆ. ಮೂರೇ ತಿಂಗಳಿಗೆ ಅದೇ ಸದ್ದು ಮತ್ತೆ ಬಂತು. ಹೊಸ ಬೇರಿಂಗು, ಒಳ್ಳೆ ಕಂಪನಿಯದ್ದು, ಆದರೂ ಯಾಕೆ? ಅದನ್ನು ತೆಗೆಸಿ, ಒಡೆದು ನೋಡಿದ ಮೇಲೆ ಗೊತ್ತಾಯಿತು. ಗುಂಡುಗಳು ಓಡಾಡುವ ದಾರಿಯಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು, ಒಂದರಿಂದ ಒಂದಕ್ಕೆ ಸರಿಸಮ ದೂರದಲ್ಲಿ. ಗುಂಡುಗಳು ಎಷ್ಟು ದೂರ ದೂರ ಕೂತಿರುತ್ತವೋ ಗುಳಿಗಳೂ ಅಷ್ಟೇ ದೂರ. ಅಂದರೆ ಓಡಿ ಸವೆದದ್ದಲ್ಲ. ಹಾಕುವಾಗ ಸುತ್ತಿಗೆಯಿಂದ ಹೊಡೆದ ಏಟು ಗುಂಡುಗಳ ಮೂಲಕ ಹಾದು ರೇಸಿನ (ಗುಂಡುಗಳು ಓಡುವ ಉಕ್ಕಿನ ಬಳೆ, ಒಳಗಿನದು ಒಳರೇಸ್, ಹೊರಗಿನದು ಹೊರರೇಸ್) ಮೇಲೆ ಅಚ್ಚು ಒತ್ತಿತ್ತು. ಆ ಬೇರಿಂಗ್ ಕಾರು ಗ್ಯಾರೇಜಿನಿಂದ ಹೊರಬರುವ ಮುಂಚೆಯೇ ಹಾಳಾಗಿತ್ತು.

ಆಮೇಲೆ ಈ ಕೆಲಸವನ್ನು ನಾನೇ ಕಲಿತೆ. ಹಾಗಂತ ಪೂರ್ತಿ ಕೆಲಸ ನಾನು ಮಾಡುವುದಿಲ್ಲ. ನಕಲ್ ಬಿಚ್ಚಿ ಹೊರಗೆ ತೆಗೆಯುವುದು, ವಾಪಸ್ ಕಟ್ಟುವುದು ನನ್ನದು. ನಕಲ್ ಅಂದರೆ ಬೇರಿಂಗ್ ಕೂರುವ ಗಟ್ಟಿ ಲೋಹದ ತುಂಡು; ಚಕ್ರವನ್ನು ಹೊರುವ ಹಬ್ ಆ ಬೇರಿಂಗಿನೊಳಗೆ ಕೂರುತ್ತದೆ. ಬೇರಿಂಗ್ ಒತ್ತುವುದು ಲೇತ್ ಅಂಗಡಿಯ ಪ್ರೆಸ್ಸಿನದ್ದು, ಅಂದರೆ ಒತ್ತುವ ಯಂತ್ರದ್ದು. ನಿಮಗೂ ಇದೇ ದಾರಿ ಹೇಳುತ್ತೇನೆ. ಒಂದು ಬದಿಗೆ ಮೊದಲ ಸಲ ಪೂರ್ತಿ ಒಂದು ದಿನ ಬೇಕು. ಭಾನುವಾರ ಇಟ್ಟುಕೊಳ್ಳಬೇಡಿ, ಲೇತ್ ಅಂಗಡಿ, ಪಾರ್ಟ್ಸ್ ಅಂಗಡಿ ಎರಡೂ ತೆಗೆದಿರುವ ದಿನ ಇರಲಿ.

ಮೊದಲು ರೋಗ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಟೈರ್ ಸದ್ದಿಗೂ ಬೇರಿಂಗ್ ಸದ್ದಿಗೂ ವ್ಯತ್ಯಾಸ ಇದೆ. ಟೈರ್ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಹಳೆ ಪಿ.ಬಿ. ರಸ್ತೆಯ ಡಾಂಬರಿನಿಂದ ಊರೊಳಗಿನ ಕಾಂಕ್ರೀಟ್ ರಸ್ತೆಗೆ ಇಳಿದ ಕೂಡಲೇ ಅದರ ದನಿ ಬೇರೆಯಾಗುತ್ತದೆ. ಬೇರಿಂಗ್ ಸದ್ದು ಹಾಗಲ್ಲ, ಯಾವ ರಸ್ತೆಗೆ ಹೋದರೂ ಒಂದೇ ದನಿ, ವೇಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಗೇರ್ ನ್ಯೂಟ್ರಲ್ ಮಾಡಿದರೂ ಹೋಗುವುದಿಲ್ಲ.

ಯಾವ ಬದಿಯದು? ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ಐವತ್ತರ ವೇಗದಲ್ಲಿ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಆಡಿಸಿ. ಬಲಕ್ಕೆ ತಿರುಗಿಸಿದಾಗ ಕಾರಿನ ಭಾರ ಎಡ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ. ಎಡಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಬಲಗಡೆಯದು. ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಈ ಪರೀಕ್ಷೆ ಬೇಡವೇ ಬೇಡ, ಸರ್ವಿಸ್ ರೋಡ್ ಸಾಕು.

ಆಮೇಲೆ ಜಾಕ್ ಏರಿಸಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಿ. ಆಟ, ಅಂದರೆ ಸಡಿಲ ಅಲುಗಾಟ, ಇದೆ ಅನಿಸಿದರೆ ಮನೆಯವರೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ತುಳಿದಾಗ ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ (ನಕಲನ್ನು ಕೆಳಗಿನ ತೋಳಿಗೆ, ಅಂದರೆ ಲೋವರ್ ಆರ್ಮಿಗೆ, ಸೇರಿಸುವ ಕೀಲು) ಅಥವಾ ಸಸ್ಪೆನ್ಶನ್ನಿನ ಇನ್ನೇನೋ. ಕೈಗಳನ್ನು ಎಡಬಲಕ್ಕೆ ಇಟ್ಟು ಆಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗಿನ ಸರಳು ನಕಲಿಗೆ ಸೇರುವ ತುದಿ) ನೋಡಿ.

ಕೊನೆಯದು ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಒಂದು ಕೈಯಿಂದ ಸಸ್ಪೆನ್ಶನ್ ಸ್ಪ್ರಿಂಗನ್ನು ಹಗುರವಾಗಿ ಹಿಡಿಯಿರಿ, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಕಿವಿಗೆ ಕೇಳದ ಸದ್ದೂ ಬೆರಳಿಗೆ ಗೊತ್ತಾಗುತ್ತದೆ. ರಾಗಿಕಲ್ಲಿನೊಳಗೆ ಮರಳು ಸಿಕ್ಕಿದಾಗ ಆಗುತ್ತದಲ್ಲ, ಅಂಥ ಗರಗರ. ಇನ್ನೊಂದು ಬದಿಯನ್ನೂ ಹೀಗೇ ನೋಡಿ ಹೋಲಿಸಿ.

ನಮ್ಮ ಕಡೆ ಬೇರಿಂಗ್ ಯಾಕೆ ಬೇಗ ಹೋಗುತ್ತದೆ

ಬೇರಿಂಗಿಗೆ ಶತ್ರು ಎರಡು, ನೀರು ಮತ್ತು ಧೂಳು. ಎರಡನ್ನೂ ತಡೆಯುವುದು ಒಂದು ತೆಳು ರಬ್ಬರ್ ಸೀಲ್. ಭದ್ರಾ ಕಾಲುವೆ ಕಡೆ ಗದ್ದೆ ಕೆಸರು, ಚಿತ್ರದುರ್ಗದ ಕಡೆ ಅದಿರಿನ ಧೂಳು, ವಾಟರ್ ಸರ್ವಿಸ್ಸಿನಲ್ಲಿ ಹಬ್‌ಗೆ ನೇರವಾಗಿ ಹೊಡೆಯುವ ಪ್ರೆಶರ್ ನೀರು, ಎಲ್ಲಾ ಆ ಸೀಲಿನ ಮೇಲೇ.

ಇನ್ನೊಂದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡುತ್ತಾರಲ್ಲ, ಗಾಡಿ ಹಾದು ಒಕ್ಕಣೆ ಆಗಲಿ ಅಂತ. ಹುರುಳಿ ಬಳ್ಳಿ ಡ್ರೈವ್ ಶಾಫ್ಟಿಗೆ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಬರುವ ತಿರುಗುವ ದಂಡಕ್ಕೆ) ಹಗ್ಗದ ಥರ ಸುತ್ತಿಕೊಳ್ಳುತ್ತದೆ. ಸುತ್ತಿ ಸುತ್ತಿ ಒಳಗಡೆ ಸೀಲಿನ ಅಂಚಿಗೆ ಹೋಗಿ ಬಿಗಿಯುತ್ತದೆ, ಸೀಲಿನ ತುಟಿ ಹರಿಯುತ್ತದೆ. ನಮ್ಮ ಕಾರಿನ ಬಲಗಡೆ ಬಿಚ್ಚಿದಾಗ ನಕಲ್ ಹಿಂದೆ ಮುಷ್ಟಿಯಷ್ಟು ಒಣ ಬಳ್ಳಿ ಕೂತಿತ್ತು, ಗ್ರೀಸಿನಲ್ಲಿ ನೆನೆದು ಕಪ್ಪಾಗಿತ್ತು. ಅಂಥ ಕಡೆ ಹಾದು ಬಂದಿದ್ದರೆ ಕಾರು ನಿಲ್ಲಿಸಿ ಬಗ್ಗಿ ನೋಡಿ, ಕೈಯಲ್ಲೇ ಎಳೆದು ತೆಗೆಯಿರಿ. ಬಳ್ಳಿ ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹತ್ತಬಹುದು, ಅದು ಇನ್ನೂ ದೊಡ್ಡ ಅಪಾಯ.

ಸಾಮಾನು

ಬೇರಿಂಗ್ ತರುವಾಗ ಕಾರಿನ ಮಾಡೆಲ್, ವರ್ಷ, ಸಾಧ್ಯವಾದರೆ ಚಾಸಿಸ್ ನಂಬರ್ ಕೂಡ ಹೇಳಿ. ಹಳೆ ಸಣ್ಣ ಕಾರುಗಳಲ್ಲಿ ಎರಡು ಥರ ಇವೆ. ಒಂದು, ಎರಡು ಸಾಲು ಗುಂಡು ಇರುವ ಒಂದೇ ಬೇರಿಂಗ್, ಗ್ರೀಸ್ ತುಂಬಿ ಸೀಲ್ ಮಾಡಿಯೇ ಬರುತ್ತದೆ. ಇನ್ನೊಂದು, ಒಳಗೊಂದು ಹೊರಗೊಂದು ಬೇರೆ ಬೇರೆ ಬೇರಿಂಗ್, ನಡುವೆ ಒಂದು ಸ್ಪೇಸರ್ ಕೊಳವೆ. ನಿಮ್ಮದು ಯಾವುದು ಅನ್ನುವುದು ತೆಗೆದುಕೊಳ್ಳುವ ಮುಂಚೆ ಗೊತ್ತಿರಬೇಕು.

ಬೇರಿಂಗ್ ಮೇಲೆ ಕೆತ್ತಿದ ನಂಬರ್ ಓದಲು ಕಲಿತರೆ ಅಂಗಡಿಯಲ್ಲಿ ಯಾರೂ ತಪ್ಪು ಕೊಡಲಾರರು. ಸಾಮಾನ್ಯ ಬಾಲ್ ಬೇರಿಂಗಿನಲ್ಲಿ 6206 ಅಂತಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. 06 ಅಂದರೆ ಒಳಗಿನ ತೂತು 30 ಮಿಲಿಮೀಟರ್. 04ರಿಂದ ಮೇಲೆ ಈ ಲೆಕ್ಕ ಸರಿ ಬರುತ್ತದೆ. ಎರಡು ಸಾಲಿನ ಚಕ್ರದ ಬೇರಿಂಗಿನಲ್ಲಿ ಡಿಎಸಿ 35640037 ಎಂಬಂಥ ನಂಬರ್ ಇದ್ದರೆ ಅಳತೆ ಅದರಲ್ಲೇ ಬರೆದಿದೆ: ಒಳತೂತು 35, ಹೊರಸುತ್ತು 64, ಅಗಲ 37. ಹಳೇ ಬೇರಿಂಗನ್ನು ಒರೆಸಿ ಓದಿ, ಹೊಸದರ ಜೊತೆ ತಾಳೆ ನೋಡಿ.

ಎಸ್‌ಕೆಎಫ್, ಎನ್‌ಬಿಸಿ, ಎನ್‌ಟಿಎನ್, ಕೋಯೊ, ಎಫ್‌ಎಜಿ, ಯಾವುದಾದರೂ ಸರಿ. ಆದರೆ ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ನಕಲಿ ಮಾಲು ಬಹಳ ಇದೆ. ಅಕ್ಷರ ಮಸುಕಾಗಿ ಅಚ್ಚಾಗಿದ್ದರೆ, ಡಬ್ಬಿ ಮೇಲಿನ ನಂಬರಿಗೂ ಬೇರಿಂಗ್ ಮೇಲಿನ ನಂಬರಿಗೂ ಹೊಂದದಿದ್ದರೆ ಬಿಟ್ಟುಬಿಡಿ. ಜೊತೆಗೆ ಒಳಗಿನ ಮತ್ತು ಹೊರಗಿನ ಸೀಲ್, ಹೊಸ ಲಾಕ್ ರಿಂಗ್, ಹೊಸ ಆಕ್ಸಲ್ ನಟ್ (ಡ್ರೈವ್ ಶಾಫ್ಟಿನ ತುದಿಯ ದೊಡ್ಡ ನಟ್), ಸ್ಪ್ಲಿಟ್ ಪಿನ್ನುಗಳು (ನಟ್ ತಿರುಗದಂತೆ ತೂರಿಸಿ ಮಡಚುವ ಪಿನ್ನು). ಹಳೇ ಸೀಲನ್ನೇ ವಾಪಸ್ ಹಾಕಿ ಹಣ ಉಳಿಸಿದೆ ಅನ್ನಬೇಡಿ, ಬೇರಿಂಗನ್ನು ಕೊಂದದ್ದೇ ಆ ಸೀಲ್.

ಪಾನಾ ಸೆಟ್ಟು, ಆಕ್ಸಲ್ ನಟ್‌ಗೆ ದೊಡ್ಡ ಸಾಕೆಟ್ (ಅಳತೆ ನೋಡಿ ತನ್ನಿ, 30 ಅಥವಾ 32 ಸಾಮಾನ್ಯ), ಅದಕ್ಕೆ ಉದ್ದ ಹಿಡಿಕೆ, ಒಂದು ಮೀಟರಿನ ಕಬ್ಬಿಣದ ಪೈಪು, ಜಾಕ್, ಗಟ್ಟಿ ಸ್ಟ್ಯಾಂಡ್, ಸುತ್ತಿಗೆ, ಮರದ ತುಂಡು, ಕಟ್ಟುತಂತಿ, ತುಕ್ಕು ಬಿಡಿಸುವ ಎಣ್ಣೆ, ಸೀಮೆಎಣ್ಣೆ ಅಥವಾ ಡೀಸೆಲ್, ಹಳೆ ಬಟ್ಟೆ. ಇಷ್ಟು ಸಾಕು.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲಾ ನಟ್ ಬೋಲ್ಟಿಗೆ ತುಕ್ಕಿನ ಎಣ್ಣೆ ಬಿಡಿ. ಬೆಳಗ್ಗೆ ಅರ್ಧ ಕೆಲಸ ಅದೇ ಮಾಡಿಕೊಟ್ಟಿರುತ್ತದೆ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಗಬಾರದು.

ಆಕ್ಸಲ್ ನಟ್ ಸಡಿಲ ಮಾಡುವುದು ಚಕ್ರ ನೆಲದ ಮೇಲೆ ಇದ್ದಾಗಲೇ. ಕಾರು ಜಾಕ್ ಮೇಲಿದ್ದಾಗ ಅಷ್ಟು ಜೋರು ಹಾಕಿದರೆ ಕಾರು ಜಾರಿ ಬೀಳುತ್ತದೆ. ಹಬ್ ಕ್ಯಾಪ್ ತೆಗೆಯಿರಿ, ಸ್ಪ್ಲಿಟ್ ಪಿನ್ ಇದ್ದರೆ ಎಳೆಯಿರಿ. ನಟ್ಟಿನ ಅಂಚು ಶಾಫ್ಟಿನ ತೋಡಿನೊಳಗೆ ಬಡಿದು ಲಾಕ್ ಮಾಡಿದ್ದರೆ ಸಣ್ಣ ಉಳಿಯಿಂದ ಮೇಲೆತ್ತಿ. ಒಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದಿರಲಿ. ಸಾಕೆಟ್ಟಿಗೆ ಪೈಪು ಸೇರಿಸಿ ನಿಧಾನವಾಗಿ ಭಾರ ಹಾಕಿ. ಕಟ್ ಅಂತ ಸದ್ದು ಬಂದು ಬಿಡುತ್ತದೆ. ಅರ್ಧ ಸುತ್ತು ಬಿಟ್ಟರೆ ಸಾಕು, ಪೂರ್ತಿ ತೆಗೆಯಬೇಡಿ. ನಟ್ ಸಡಿಲ ಆದ ಮೇಲೆ ಕಾರನ್ನು ಒಂದು ಅಡಿಯೂ ಉರುಳಿಸಬೇಡಿ. ಬೇರಿಂಗನ್ನು ಎರಡೂ ಕಡೆಯಿಂದ ಬಿಗಿ ಹಿಡಿದಿರುವುದೇ ಆ ನಟ್.

ಚಕ್ರದ ನಟ್ಟುಗಳನ್ನೂ ಸ್ವಲ್ಪ ಸಡಿಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ. ಸ್ಟ್ಯಾಂಡ್ ಕೊಟ್ಟ ಮೇಲೇ ಕೈ ಒಳಗೆ ಹಾಕಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿ ಇಡಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ. ಇಟ್ಟಿಗೆ ಜೋಡಿಸಿ ಕಾರು ನಿಲ್ಲಿಸುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ಇಟ್ಟಿಗೆ ಮುಂಚೆ ಹೇಳದೆ ಒಡೆಯುತ್ತದೆ.

ಕ್ಯಾಲಿಪರಿನ (ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಭಾಗ) ಎರಡು ಬೋಲ್ಟ್ ಬಿಚ್ಚಿ, ಕ್ಯಾಲಿಪರನ್ನು ತಂತಿಯಿಂದ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬಿಡಬಾರದು, ಹೋಸ್ ಒಳಗೇ ಹರಿದರೆ ಹೊರಗಡೆ ಕಾಣಿಸುವುದಿಲ್ಲ. ಡಿಸ್ಕ್ ಅಂಟಿಕೊಂಡಿದ್ದರೆ ಅದರಲ್ಲೇ ತಿರುಪಿನ ಗೆರೆ ಇರುವ ಎರಡು ಸಣ್ಣ ತೂತು ಇವೆಯೇ ನೋಡಿ. ಅವುಗಳಿಗೆ 8 ಎಂಎಂ ಬೋಲ್ಟ್ ಹಾಕಿ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ. ಕೆಲವು ಹಳೆ ಕಾರುಗಳಲ್ಲಿ ಡಿಸ್ಕ್ ಹಬ್ಬಿಗೇ ಬೋಲ್ಟ್ ಆಗಿರುತ್ತದೆ, ಅದು ಹಬ್ ಜೊತೆಗೇ ಬರಲಿ.

ಟೈ ರಾಡ್ ಎಂಡಿನ ಪಿನ್ ಎಳೆದು, ನಟ್ಟನ್ನು ಎರಡು ಸುತ್ತು ಉಳಿಸಿ ಬಿಚ್ಚಿ. ಈಗ ನಟ್ಟಿನ ಮೇಲೆ ಹೊಡೆಯಬೇಡಿ. ಟೈ ರಾಡ್ ಕೂತಿರುವ ನಕಲಿನ ಕಿವಿಯ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಏಟು ಕೊಡಿ. ಕಿವಿ ಕ್ಷಣ ಹೊತ್ತು ಅರಳಿ, ಟೈ ರಾಡ್ ಬಿಟ್ಟುಕೊಳ್ಳುತ್ತದೆ. ಕೆಳಗಿನ ಬಾಲ್ ಜಾಯಿಂಟನ್ನು ಹಿಡಿದಿರುವ ಅಡ್ಡ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಬೇಕು. ಸಡಿಲ ಮಾಡಿದರೆ ಸಾಲದು, ಆ ಬೋಲ್ಟು ಬಾಲ್ ಜಾಯಿಂಟಿನ ಕಂಠದಲ್ಲಿರುವ ಗುಂಡಿಯಲ್ಲಿ ಕೂತಿರುತ್ತದೆ. ಇದು ಗೊತ್ತಿಲ್ಲದೆ ಲೋವರ್ ಆರ್ಮನ್ನು ಒಂದು ಗಂಟೆ ಎಳೆದಾಡುವವರಿದ್ದಾರೆ.

ಸ್ಟ್ರಟ್ಟಿಗೆ (ಸ್ಪ್ರಿಂಗ್ ಹೊತ್ತಿರುವ ಸಸ್ಪೆನ್ಶನ್ ಕಂಬ) ನಕಲ್ ಸೇರಿಸಿರುವ ಬೋಲ್ಟುಗಳನ್ನು ಬಿಚ್ಚುವ ಮುಂಚೆ ಚೂಪು ಮೊಳೆಯಿಂದ ಎರಡರ ಮೇಲೂ ಸೇರಿಸಿ ಒಂದು ಗೀರು ಎಳೆಯಿರಿ. ವಾಪಸ್ ಹಾಕುವಾಗ ಗೀರಿಗೆ ಗೀರು ಸೇರಿಸಿದರೆ ಚಕ್ರದ ವಾಲು ಮೊದಲಿನಂತೆಯೇ ಇರುತ್ತದೆ. ಆಮೇಲೆ ಆಕ್ಸಲ್ ನಟ್ಟನ್ನು ಶಾಫ್ಟಿನ ತುದಿಗೆ ಸಮ ಬರುವಷ್ಟು ಬಿಚ್ಚಿ, ಅದರ ಮೇಲೆ ಮರದ ತುಂಡು ಇಟ್ಟು ಬಡಿಯಿರಿ. ಶಾಫ್ಟ್ ಒಳಗೆ ಸರಿಯುತ್ತದೆ. ನಟ್ ತೆಗೆದು, ನಕಲನ್ನು ನಿಮ್ಮ ಕಡೆಗೆ ತಿರುಗಿಸಿ ಕಳಚಿ. ಡ್ರೈವ್ ಶಾಫ್ಟನ್ನು ಹೊರಗೆ ಎಳೆಯಬೇಡಿ. ಎಳೆದರೆ ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು, ಇಲ್ಲವೇ ಗೇರ್ ಬಾಕ್ಸಿನಿಂದಲೇ ಬಂದು ಎಣ್ಣೆ ಸುರಿಯಬಹುದು. ಅದನ್ನೂ ತಂತಿಯಿಂದ ಕಟ್ಟಿ.

ಲೇತ್ ಅಂಗಡಿಯಲ್ಲಿ

ನಕಲ್, ಹಬ್ ಒಟ್ಟಿಗೇ ನಿಮ್ಮ ಕೈಯಲ್ಲಿದೆ. ಸೀಮೆಎಣ್ಣೆಯಲ್ಲಿ ತೊಳೆದು, ಚೀಲದಲ್ಲಿ ಹಾಕಿಕೊಂಡು ಹೊರಡಿ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಲೇತ್ ಅಂಗಡಿಗೆ ಬರವಿಲ್ಲ. ಅಕ್ಕಿ ಗಿರಣಿ, ಟ್ರ್ಯಾಕ್ಟರ್, ಪಂಪಿನ ಮೋಟಾರ್ ಎಲ್ಲದಕ್ಕೂ ಅವರೇ ಬೇಕು. ಮೋಟಾರ್ ಬೇರಿಂಗ್ ಹಾಕಿ ಅಭ್ಯಾಸ ಇರುವ ಅಂಗಡಿ ಹುಡುಕಿ, ಅಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆಯೇ ನೋಡಿ. ಪ್ರೆಸ್ ಯಾಕೆ, ಸುತ್ತಿಗೆ ಸಾಕು ಅಂದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ.

ನಾನು ಮೊದಲ ಸಲ ಹೋದಾಗ ಅಲ್ಲಿನ ಹಿರಿಯರಿಗೆ, "ಅಣ್ಣಾ, ಒಳಗಿನ ರೇಸಿಗೆ ಆಸರೆ ಕೊಟ್ಟು ಒತ್ತಬೇಕು," ಅಂದೆ. ಅವರು ನನ್ನನ್ನೇ ಒಂದು ಸಲ ನೋಡಿ, "ತಮ್ಮಾ, ಮೋಟಾರ್ ಬೇರಿಂಗ್ ಹಾಕ್ತಾನೇ ಕೂದಲು ಬೆಳ್ಳಗಾಗಿದೆ. ಪಕ್ಕದಲ್ಲಿ ನಿಂತ್ಕೊಂಡು ನೋಡು," ಅಂದರು. ನಿಂತು ನೋಡಿದ್ದೇ ದೊಡ್ಡ ಪಾಠ ಆಯಿತು. ನೀವೂ ಬಿಟ್ಟು ಬಂದುಬಿಡಬೇಡಿ, ಪಕ್ಕದಲ್ಲೇ ನಿಲ್ಲಿ.

ಮೊದಲು ಹಬ್ಬನ್ನು ನಕಲಿನಿಂದ ಒತ್ತಿ ತೆಗೆಯುತ್ತಾರೆ. ಹಳೆ ಬೇರಿಂಗಿನ ಎರಡು ಒಳರೇಸುಗಳಲ್ಲಿ ಹೊರಬದಿಯದು ಹೆಚ್ಚಿನ ಸಲ ಹಬ್ಬಿನ ಕೊರಳಲ್ಲೇ ಉಳಿದುಬಿಡುತ್ತದೆ. ಪುಲ್ಲರಿನಿಂದ ಬಾರದಿದ್ದರೆ ಗ್ರೈಂಡರಿನಲ್ಲಿ ಅದನ್ನು ಮುಕ್ಕಾಲು ಆಳ ಸೀಳಿ, ಉಳಿ ಇಟ್ಟು ಒಂದು ಏಟು ಕೊಟ್ಟರೆ ಬಿರುಕು ಬಿಟ್ಟು ಕಳಚುತ್ತದೆ. ಗ್ರೈಂಡರ್ ಹಬ್ಬಿಗೆ ತಾಗಬಾರದು.

ಆಮೇಲೆ ಲಾಕ್ ರಿಂಗ್. ಇದನ್ನು ನೆನಪಿಸುವ ಕೆಲಸ ನಿಮ್ಮದು. ಬೇರಿಂಗ್ ಮುಂದೆ ನಕಲಿನ ತೋಡಿನಲ್ಲಿ ಕೂತಿರುವ ತೆಳು ಉಕ್ಕಿನ ಬಳೆ ಅದು. ಹದಿನೈದು ವರ್ಷದ ಕೆಸರು, ತುಕ್ಕು ಸೇರಿ ಅದು ನಕಲಿನದ್ದೇ ಒಂದು ಭಾಗ ಅನ್ನುವಂತೆ ಮುಚ್ಚಿಹೋಗಿರುತ್ತದೆ. ಅದಿದ್ದಾಗಲೇ ಪ್ರೆಸ್ ಒತ್ತಿದರೆ ನಕಲಿನ ಅಂಚು ಒಡೆಯುತ್ತದೆ. ಮೊಳೆಯಿಂದ ಸುತ್ತಲೂ ಕೆರೆದು, ಅದರ ಎರಡು ತೂತಿನ ತುದಿ ಕಂಡ ಮೇಲೆ ಸರ್ಕ್ಲಿಪ್ ಇಕ್ಕಳದಿಂದ ತೆಗೆಸಿ.

ಹಳೆ ಬೇರಿಂಗ್ ಹೊರಗೆ ಬಂದ ಮೇಲೆ ಎರಡು ಕಡೆ ಬೆರಳಾಡಿಸಿ. ನಕಲಿನ ಒಳಗೋಡೆ ನುಣ್ಣಗಿದೆಯೇ? ಹಬ್ಬಿನ ಕೊರಳು ನೀಲಿಗಟ್ಟಿದೆಯೇ, ಗೀರು ಬಿದ್ದಿದೆಯೇ? ಹೊರರೇಸ್ ನಕಲಿನೊಳಗೆ ತಿರುಗಿ ಗೋಡೆ ಸವೆದಿದ್ದರೆ ಹೊಸ ಬೇರಿಂಗ್ ಕೈಯಲ್ಲೇ ತಳ್ಳಿದರೂ ಒಳಗೆ ಹೋಗುತ್ತದೆ. ಕೆಲವರು ಗೋಡೆಗೆ ಪಂಚಿನಿಂದ ಚುಕ್ಕೆ ಚುಕ್ಕೆ ಹೊಡೆದು ಬಿಗಿ ಮಾಡಿಕೊಡುತ್ತಾರೆ. ಒಪ್ಪಬೇಡಿ. ಆ ಚುಕ್ಕೆಗಳು ಸ್ವಲ್ಪ ದಿನದಲ್ಲಿ ಸಮ ಆಗುತ್ತವೆ, ಬೇರಿಂಗ್ ಮತ್ತೆ ತಿರುಗುತ್ತದೆ. ಒಳ್ಳೆ ಸ್ಥಿತಿಯ ಬೇರೆ ನಕಲ್ ಅಥವಾ ಹಬ್ ತರುವುದೇ ಸರಿ.

ಈಗ ಹೊಸದು. ಇಲ್ಲಿ ನೆನಪಿಡಬೇಕಾದ್ದು ಒಂದೇ: ಒತ್ತುವ ಭಾರ ಗುಂಡುಗಳ ಮೂಲಕ ಹಾದುಹೋಗಬಾರದು. ನಕಲಿನೊಳಗೆ ಕೂರಿಸುವಾಗ ಬಿಗಿ ಇರುವುದು ಹೊರರೇಸಿಗೆ, ಆದ್ದರಿಂದ ಹೊರರೇಸಿನ ಮೇಲೆ ಮಾತ್ರ ಒತ್ತಬೇಕು. ಹಳೆ ಬೇರಿಂಗಿನ ಹೊರರೇಸನ್ನೇ ಹೊರಸುತ್ತು ಸ್ವಲ್ಪ ಉಜ್ಜಿ, ಒಂದು ಕಡೆ ಸೀಳಿಟ್ಟುಕೊಂಡರೆ ಒತ್ತಲು ಹೇಳಿ ಮಾಡಿಸಿದ ಬಳೆ. ಬೇರಿಂಗ್ ನೇರವಾಗಿ ಇಳಿಯುತ್ತಿದೆಯೇ ನೋಡಿ. ಒಂದು ಕಡೆ ವಾಲಿದರೆ ನಿಲ್ಲಿಸಿ, ಮೇಲೆತ್ತಿ, ಮತ್ತೆ ಕೂರಿಸಬೇಕು. ತಳ ಮುಟ್ಟಿದಾಗ ಪ್ರೆಸ್ಸಿನ ಹಿಡಿಕೆ ಒಮ್ಮೆಲೇ ಗಟ್ಟಿಯಾಗುತ್ತದೆ. ಅಲ್ಲಿಗೆ ಸಾಕು. ಲಾಕ್ ರಿಂಗ್ ತೋಡಿನಲ್ಲಿ ಟಪ್ ಅಂತ ಕೂರಬೇಕು, ಬೆರಳಿಂದ ಒತ್ತಿದರೆ ಸುತ್ತಲೂ ಸಮ ಇರಬೇಕು.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ತಪ್ಪುವುದು. ಹಬ್ಬನ್ನು ಬೇರಿಂಗಿನೊಳಗೆ ಒತ್ತುವಾಗ ಬಿಗಿ ಇರುವುದು ಒಳರೇಸಿಗೆ. ನಕಲನ್ನು ಸುಮ್ನೆ ಪ್ರೆಸ್ಸಿನ ಮೇಲೆ ಮಲಗಿಸಿ ಹಬ್ಬನ್ನು ಮೇಲಿನಿಂದ ಒತ್ತಿದರೆ ಏನಾಗುತ್ತದೆ? ಭಾರ ಹಬ್ಬಿನಿಂದ ಒಳರೇಸಿಗೆ, ಅಲ್ಲಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರರೇಸಿಗೆ, ಅಲ್ಲಿಂದ ನಕಲಿಗೆ. ನಮ್ಮ ಬೇರಿಂಗಿಗೆ ಆದ ಗತಿ ಇದೇ. ಆದ್ದರಿಂದ ಕೆಳಗಡೆಯಿಂದ ಒಳರೇಸಿಗೆ ಮಾತ್ರ ತಾಗುವ ಒಂದು ಗಟ್ಟಿ ಕೊಳವೆಯ ಆಸರೆ ಕೊಡಬೇಕು. ನಕಲ್ ಆ ಕೊಳವೆಯ ಮೇಲೆ ತೂಗಾಡುವಂತಿರಬೇಕು, ಬೇರೆ ಎಲ್ಲೂ ತಾಗಬಾರದು. ಆಗ ಭಾರ ಹಬ್ಬಿನಿಂದ ಒಳರೇಸಿಗೆ, ಒಳರೇಸಿನಿಂದ ನೇರ ಕೊಳವೆಗೆ. ಗುಂಡುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಒತ್ತುವುದು ಹಗುರವಾಗಲಿ ಅಂತ ನಾನು ಒಂದು ಉಪಾಯ ಮಾಡುತ್ತೇನೆ. ಹೊಸ ಬೇರಿಂಗನ್ನು ಗಾಳಿಯಾಡದ ಕವರಿನಲ್ಲಿ ಸುತ್ತಿ ಎರಡು ಗಂಟೆ ಫ್ರೀಜರಿನಲ್ಲಿ ಇಡುತ್ತೇನೆ, ಐಸ್ ತುಂಬಿದ ಡಬ್ಬಿಯಲ್ಲಿ ಅಂಗಡಿಗೆ ಒಯ್ಯುತ್ತೇನೆ. ನಕಲನ್ನು ಬಿಸಿಲಿಗೆ ಬಿಡುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣ ಮುಟ್ಟಲಾಗುವುದಿಲ್ಲ, ಅಲ್ವಾ? ಎರಡರ ನಡುವೆ ನಲವತ್ತು ಡಿಗ್ರಿ ವ್ಯತ್ಯಾಸ ಸಿಕ್ಕರೂ 64 ಮಿಲಿಮೀಟರ್ ಬೇರಿಂಗಿಗೆ ಸುಮಾರು 0.03 ಮಿಲಿಮೀಟರ್ ಸಡಿಲ ಸಿಗುತ್ತದೆ. ಕೇಳಲು ಏನೂ ಅಲ್ಲ, ಆದರೆ ಪ್ರೆಸ್ಸಿನ ಹಿಡಿಕೆಯಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬೇರಿಂಗ್ ಮೇಲೆ ಬೆವರಿದ ನೀರನ್ನು ಒರೆಸಿಯೇ ಹಾಕಿ. ಗ್ಯಾಸ್ ಬೆಂಕಿಯಿಂದ ಕಾಯಿಸಲು ಬಿಡಬೇಡಿ.

ಎರಡು ಬೇರಿಂಗ್, ನಡುವೆ ಸ್ಪೇಸರ್ ಇರುವ ಕಾರಾದರೆ ಸ್ಪೇಸರ್ ಮರೆತರೆ ಕೆಲಸ ಕೆಟ್ಟಂತೆಯೇ. ಆಕ್ಸಲ್ ನಟ್ಟಿನ ಬಿಗಿಯನ್ನು ತಡೆದುಕೊಳ್ಳುವುದು ಆ ಕೊಳವೆ. ಅದಿಲ್ಲದಿದ್ದರೆ ನಟ್ ಬಿಗಿಸಿದಷ್ಟೂ ಗುಂಡುಗಳು ಪಕ್ಕಕ್ಕೆ ಹಿಂಡಿಕೊಳ್ಳುತ್ತವೆ. ಇಂಥದಕ್ಕೆ ಲಿಥಿಯಂ ವೀಲ್ ಬೇರಿಂಗ್ ಗ್ರೀಸ್ ಹಾಕಿ. ಗುಂಡುಗಳ ನಡುವೆ ಚೆನ್ನಾಗಿ ಒತ್ತಿ ತುಂಬಿ, ಉಳಿದ ಖಾಲಿ ಜಾಗದ ಅರ್ಧ ಮಾತ್ರ. ಪೂರ್ತಿ ತುಂಬಿದರೆ ಬಿಸಿಯಾಗಿ ಸೀಲನ್ನು ಹೊರಗೆ ತಳ್ಳುತ್ತದೆ. ಸೀಲಿನ ತುಟಿಗೆ ಒಂದು ಬೆರಳು ಗ್ರೀಸ್ ಸವರಿ.

ಅಂಗಡಿಯಿಂದ ಹೊರಡುವ ಮುಂಚೆ ಹಬ್ಬನ್ನು ಕೈಯಲ್ಲಿ ತಿರುಗಿಸಿ ನೋಡಿ. ಹೊಸ ಸೀಲಿನ ಹಿಡಿತ ಇರುತ್ತದೆ, ಸ್ವಲ್ಪ ಗಟ್ಟಿ ಅನಿಸಬಹುದು. ಆದರೆ ಗಂಟು ಗಂಟಾಗಿ ತಿರುಗಬಾರದು.

ವಾಪಸ್ ಕಟ್ಟುವುದು

ಬಿಚ್ಚಿದ್ದಕ್ಕೆ ಉಲ್ಟಾ. ಶಾಫ್ಟಿನ ಹಲ್ಲುಗಳನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ ಹಬ್ಬಿನೊಳಗೆ ತೂರಿಸಿ. ಬಡಿದು ಎಳೆಯಬೇಡಿ, ನಟ್ ಹಿಡಿದಷ್ಟು ಬಂದರೆ ಸಾಕು, ಉಳಿದದ್ದನ್ನು ನಟ್ಟೇ ಎಳೆದುಕೊಳ್ಳುತ್ತದೆ. ಬಾಲ್ ಜಾಯಿಂಟ್ ಪೂರ್ತಿ ಕೂತಾಗ ಅಡ್ಡ ಬೋಲ್ಟ್ ತಡೆಯಿಲ್ಲದೆ ಹೋಗುತ್ತದೆ. ಸ್ಟ್ರಟ್ಟಿನಲ್ಲಿ ಗೀರಿಗೆ ಗೀರು ಸೇರಿಸಿ. ಟೈ ರಾಡಿಗೆ ಹೊಸ ಪಿನ್. ಡಿಸ್ಕಿನ ಎರಡೂ ಮುಖವನ್ನು ಒಣಬಟ್ಟೆಯಿಂದ ಒರೆಸಿ. ಗ್ರೀಸಿನ ಕೈಗುರುತು ಇದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಆಕ್ಸಲ್ ನಟ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಟೇಪರ್ ಬೇರಿಂಗ್ (ಗುಂಡಿನ ಬದಲು ಓರೆ ಉರುಳೆಗಳಿರುವುದು) ಇರುವ ಗಾಡಿಗಳಲ್ಲಿ ನಟ್ಟನ್ನು ಬಿಗಿ ಮಾಡಿ ಮತ್ತೆ ಸ್ವಲ್ಪ ಸಡಿಲ ಬಿಡುವ ಪದ್ಧತಿ ಇದೆ. ಹಳೆ ಮೆಕ್ಯಾನಿಕ್ಕುಗಳ ಕೈಗೆ ಅದೇ ಅಭ್ಯಾಸ. ನಮ್ಮ ಈ ಮುಂದಿನ ಬೇರಿಂಗಿಗೆ ಅದು ತಪ್ಪು. ಇಲ್ಲಿ ಎರಡು ಒಳರೇಸುಗಳನ್ನು ಒತ್ತಿ ಹಿಡಿದು, ಗುಂಡುಗಳಿಗೆ ಎಷ್ಟು ಜಾಗ ಬೇಕೋ ಅಷ್ಟೇ ಉಳಿಸುವುದು ಪೂರ್ತಿ ಬಿಗಿಸಿದ ನಟ್. ಸಡಿಲ ಬಿಟ್ಟರೆ ರೇಸುಗಳು ಅಲ್ಲಾಡಿ ಬೇರಿಂಗ್ ಬೇಗ ಸಾಯುತ್ತದೆ.

ಎಷ್ಟು ಬಿಗಿ? ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಕೊನೆಯ ಮಾತು. ಇಂಥ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 150ರಿಂದ 200 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ಟಾರ್ಕ್ ರೆಂಚ್ ಸಿಕ್ಕರೆ ಒಳ್ಳೆಯದು, ಪರಿಚಯದ ಗ್ಯಾರೇಜಿನಲ್ಲಿ ಒಂದು ಗಂಟೆಗೆ ಕೇಳಿ. ಸಿಗದಿದ್ದರೆ ಲೆಕ್ಕ ಹಾಕಬಹುದು. ಹಿಡಿಕೆಯನ್ನು ನೆಲಕ್ಕೆ ಸಮವಾಗಿ ಇಟ್ಟು, ನಟ್ಟಿನ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ 60 ಕೆ.ಜಿ. ತೂಕದವರು ಒಂದು ಕಾಲಿನಲ್ಲಿ ಪೂರ್ತಿ ಭಾರ ಬಿಟ್ಟು ನಿಂತರೆ ಸುಮಾರು 176 ನ್ಯೂಟನ್ ಮೀಟರ್ ಆಗುತ್ತದೆ. ಗೋಡೆ ಹಿಡಿದುಕೊಂಡು ನಿಧಾನವಾಗಿ ಭಾರ ಬಿಡಿ, ಕುಣಿಯಬೇಡಿ. ನಿಮ್ಮ ತೂಕ ಬೇರೆಯಾದರೆ ದೂರ ಬದಲಾಯಿಸಿ.

ಈ ಕೊನೆಯ ಬಿಗಿಯನ್ನು ಚಕ್ರ ನೆಲಕ್ಕೆ ಮುಟ್ಟಿ, ಬ್ರೇಕ್ ತುಳಿದಿರುವಾಗ ಮಾಡಬೇಕು. ಆದರೆ ಕಾರಿನ ಪೂರ್ತಿ ಭಾರ ಬೀಳುವ ಮುಂಚೆ, ಚಕ್ರ ತಿರುಗದಷ್ಟು ಮಾತ್ರ ಜಾಕ್ ಇಳಿಸಿ. ಅದಕ್ಕೂ ಮುಂಚೆ ಬ್ರೇಕ್ ಪೆಡಲನ್ನು ಮೂರು ನಾಲ್ಕು ಸಲ ತುಳಿದು ಗಟ್ಟಿ ಮಾಡಿಕೊಳ್ಳಿ. ಕ್ಯಾಲಿಪರ್ ತೆಗೆದಾಗ ಪಿಸ್ಟನ್ ಹಿಂದೆ ಸರಿದಿರುತ್ತದೆ, ಮೊದಲ ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗೇಟಿನಿಂದ ಕಾರು ತೆಗೆದರೆ ಎದುರಿನ ಗೋಡೆಗೇ ನಿಲ್ಲಬೇಕು. ನಟ್ ಬಿಗಿಯಾದ ಮೇಲೆ ಪಿನ್ ಹಾಕಿ ಮಡಚಿ. ತೂತು ಹೊಂದದಿದ್ದರೆ ಇನ್ನೊಂದಿಷ್ಟು ಬಿಗಿ ಮಾಡಿ ಹೊಂದಿಸಿ, ಹಿಂದಕ್ಕೆ ತಿರುಗಿಸಬೇಡಿ. ಅಂಚು ಬಡಿಯುವ ಥರದ ನಟ್ಟಾದರೆ ಶಾಫ್ಟಿನ ತೋಡಿನೊಳಗೆ ಸರಿಯಾಗಿ ಬಡಿಯಿರಿ.

ಹರಿಹರದವರೆಗೆ ಹೋಗಿ ಬನ್ನಿ. ಮೊದಲ ಎರಡು ಕಿಲೋಮೀಟರ್ ನಿಧಾನ, ಕಿಟಕಿ ತೆಗೆದು, ರೇಡಿಯೋ ಆರಿಸಿ. ತುಂಗಭದ್ರಾ ಸೇತುವೆಯ ಹತ್ತಿರ ನಿಲ್ಲಿಸಿ, ಎರಡೂ ಮುಂದಿನ ಚಕ್ರದ ನಡುಭಾಗಕ್ಕೆ ಅಂಗೈ ಹತ್ತಿರ ಹಿಡಿದು ಬಿಸಿ ಹೋಲಿಸಿ. ಹೊಸ ಬದಿ ಸ್ವಲ್ಪ ಬೆಚ್ಚಗಿದ್ದರೆ ಚಿಂತೆ ಇಲ್ಲ. ಕೈ ಹತ್ತಿರ ತರಲಾಗದಷ್ಟು ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ ಮೊದಲು ನೋಡಿ, ಆಮೇಲೆ ಬೇರಿಂಗ್. ಐವತ್ತು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಸ್ಟೇರಿಂಗ್ ಒಂದು ಕಡೆ ಎಳೆದರೆ ಅಲೈನ್‌ಮೆಂಟ್ ಮಾಡಿಸಿ.

ಎಡಗಡೆ ಹಾಕಿದ ದಿನ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು ಅನ್ನುವುದನ್ನು ಬೇರಿಂಗ್ ಡಬ್ಬಿಯ ಮೇಲೇ ಬರೆದು, ಬಿಲ್ ಸಮೇತ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಬಲಗಡೆಯ ಡಬ್ಬಿಯೂ ಅಲ್ಲೇ ಇದೆ.